ಮನೆಯಲ್ಲೇ ಮಾಡುವ ಮುಂದಿನ ಬಂಪರ್: ಮುಖ ಆಮೇಲೆ, ಬೆನ್ನು ಮೊದಲು

ಪ್ರಶ್ನೆ: ನನ್ನದು ಹಳೆಯ ಫೋರ್ ವೀಲ್ ಡ್ರೈವ್ ಗಾಡಿ. ಬಾಡಿಯ ಅಡಿಯಲ್ಲಿ ಏಣಿಯಂಥ ಕಬ್ಬಿಣದ ಚೌಕಟ್ಟು (ಲ್ಯಾಡರ್ ಚಾಸಿಸ್) ಇದೆ, ಏರ್‌ಬ್ಯಾಗ್ ಇಲ್ಲ. ಕಲ್ಲು ದಾರಿಯಲ್ಲಿ ಮುಂದಿನ ಬಂಪರ್ ಒಡೆದುಹೋಯಿತು. ಈಗ ನಾನೇ ಕಬ್ಬಿಣದ್ದೊಂದು ಮಾಡೋಣ ಅಂತಿದ್ದೇನೆ. ಮನೆಯಲ್ಲಿ 140 ಆಂಪಿಯರ್‌ನ ಸಣ್ಣ ರಾಡ್ ವೆಲ್ಡಿಂಗ್ ಮಷೀನು, ಗ್ರೈಂಡರ್, ಡ್ರಿಲ್ ಇವೆ. 6 ಮಿ.ಮೀ. ಪ್ಲೇಟ್ ಸಾಕಾ, 8 ಬೇಕಾ? ಪ್ಲೇಟ್ ಒಳ್ಳೆಯದೋ ಪೈಪ್ ಒಳ್ಳೆಯದೋ? ಮುಂದೆ ವಿಂಚ್ (ಡ್ರಮ್ಮಿಗೆ ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಮೋಟಾರು) ಹಾಕುವ ಆಸೆಯೂ ಇದೆ, ಅದಕ್ಕೆ ಈಗಲೇ ಏನು ಮಾಡಿಟ್ಟುಕೊಳ್ಳಬೇಕು? ನನ್ನ ವೆಲ್ಡಿಂಗನ್ನು ನಂಬಬಹುದಾ?

ಉತ್ತರ: ಮಾಡಬಹುದು. ನಿಮ್ಮ ಹತ್ತಿರ ಇರುವ ಸಾಮಾನಿನಲ್ಲೇ ಬಹುಪಾಲು ಮಾಡಬಹುದು. 8 ಮಿ.ಮೀ. ಮುಖಕ್ಕೆ ಖಂಡಿತ ಬೇಡ. 6 ಕೂಡ ಎಲ್ಲ ಕಡೆ ಬೇಡ. ಆದರೆ ನಾಲ್ಕು ಪ್ರಶ್ನೆ ಕೇಳಿದ ನೀವು ಐದನೆಯದನ್ನು ಬಿಟ್ಟುಬಿಟ್ಟಿದ್ದೀರಿ. ಈ ಬಂಪರ್ ಗಾಡಿಗೆ ಯಾವುದರಿಂದ ಹಿಡಿದುಕೊಂಡಿರುತ್ತದೆ? ನಾನು ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದನ್ನು ಕೇಳಿಕೊಳ್ಳದೆ ನಾನೇ ಒಂದು ಸಲ ಕೆಟ್ಟಿದ್ದೇನೆ.

ನನ್ನ ಮೊದಲ ಬಂಪರ್ ನೋಡಿದವರೆಲ್ಲ ಯುದ್ಧದ ಟ್ಯಾಂಕ್ ಇದ್ದ ಹಾಗಿದೆ ಅಂದಿದ್ದರು. ಇಡೀ ಮುಖಕ್ಕೆ 6 ಮಿ.ಮೀ. ಪ್ಲೇಟ್. ಎತ್ತಲು ಇಬ್ಬರು ಬೇಕು. ಅಷ್ಟೆಲ್ಲ ಮಾಡಿ ಚಾಸಿಸ್ಸಿಗೆ ಹಿಡಿಸಿದ್ದು ಮಾತ್ರ ಕೈಗೆ ಸಿಕ್ಕ 5 ಮಿ.ಮೀ. ಆಂಗಲ್ ತುಂಡಿನಿಂದ, ಒಂದೊಂದು ಕಡೆಗೆ ಎರಡೆರಡು ಬೋಲ್ಟು. ಕೆಸರಿನಲ್ಲಿ ಹೂತ ಇನ್ನೊಂದು ಗಾಡಿಯನ್ನು ಎಳೆಯಲು ಹೋದೆ. ಬಂಪರಿಗೆ ಒಂದು ಗೀರೂ ಬೀಳಲಿಲ್ಲ. ಆಂಗಲ್ ಎರಡೂ ಕಿವಿ ಹಿಂಡಿದ ಹಾಗೆ ತಿರುಚಿಕೊಂಡವು. ಬಂಪರ್ ಅರ್ಧ ಗೇಣು ಮುಂದೆ ಬಂದು, ಮೂತಿ ಕೆಳಗೆ ಹಾಕಿಕೊಂಡು ನಿಂತಿತು. ಹಗ್ಗ ಬಿಚ್ಚಿಕೊಂಡು ಯಾರಿಗೂ ಬಡಿಯಲಿಲ್ಲ, ಅದು ನನ್ನ ಅದೃಷ್ಟ ಅಷ್ಟೇ.

ಮೊದಲು ಎರಡು ಮಾತು ಬೇಗ ಹೇಳಿಬಿಡುತ್ತೇನೆ. ನಿಮ್ಮದರಲ್ಲಿ ಏರ್‌ಬ್ಯಾಗ್ ಇಲ್ಲ ಅಂದಿರಿ, ಸರಿ. ಏರ್‌ಬ್ಯಾಗ್ ಇರುವ ಗಾಡಿಗೆ ಮನೆಯಲ್ಲಿ ಮಾಡಿದ ಬಂಪರ್ ಬೇಡ ಎನ್ನುವವನು ನಾನು. ಡಿಕ್ಕಿಯಾದಾಗ ಗಾಡಿ ಎಷ್ಟು ಬೇಗ ನಿಧಾನವಾಗುತ್ತದೆ ಎಂಬುದನ್ನು ಅಳೆದು ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆ. ಮುಂದಿನ ಮೂತಿ ಎಷ್ಟು ಮೆತ್ತಗೆ ಮುದುಡುತ್ತದೆ ಎಂಬ ಲೆಕ್ಕ ಅದರೊಳಗೆ ಸೇರಿರುತ್ತದೆ. ಅಲ್ಲಿ ಗಟ್ಟಿ ಕಬ್ಬಿಣ ತಂದಿಟ್ಟರೆ ಆ ಲೆಕ್ಕ ತಪ್ಪುತ್ತದೆ. ಏರ್‌ಬ್ಯಾಗ್ ಇಲ್ಲದ ಗಾಡಿಯಲ್ಲೂ ಗಟ್ಟಿ ಮೂತಿ ಎಂದರೆ ಹೊಡೆತ ನೇರ ಒಳಗಿರುವವರಿಗೆ ಬರುತ್ತದೆ, ಎದುರಿಗೆ ಸಿಕ್ಕ ಪಾದಚಾರಿಗೂ ಜಾಸ್ತಿ ಪೆಟ್ಟಾಗುತ್ತದೆ. ಹೀಗಾಗಿಯೇ ಎಷ್ಟೋ ಕಡೆ ಇಂಥ ಗಾರ್ಡುಗಳಿಗೆ ರಸ್ತೆಯಲ್ಲಿ ನಿರ್ಬಂಧ ಇದೆ. ಪ್ಲೇಟ್ ಕತ್ತರಿಸುವ ಮೊದಲು ನಿಮ್ಮಲ್ಲಿನ ನಿಯಮ ನೋಡಿಕೊಳ್ಳಿ, ಇನ್ಶೂರೆನ್ಸ್‌ನವರನ್ನೂ ಕೇಳಿ.

ಈಗ ಬೆನ್ನಿನ ವಿಷಯ, ಅಂದರೆ ಬಂಪರನ್ನು ಚಾಸಿಸ್ಸಿಗೆ ಹಿಡಿಸುವ ಭಾಗ. ಕಲ್ಲಿಗೆ ತಾಗಿದರೆ ಬಂಪರನ್ನು ಹಿಂದಕ್ಕೆ ನೂಕುತ್ತದೆ. ಹಗ್ಗ ಕಟ್ಟಿ ಎಳೆದರೆ ಮುಂದಕ್ಕೆ. ಓರೆಯಾಗಿ ಎಳೆದರೆ ಪಕ್ಕಕ್ಕೆ. ಜಾಕ್ ಕೊಟ್ಟು ಎತ್ತಿದರೆ ಮೇಲಕ್ಕೆ. ಇವೆಲ್ಲ ಆಗೊಮ್ಮೆ ಈಗೊಮ್ಮೆ. ಆದರೆ ಗಾಡಿ ಗುಂಡಿಯಲ್ಲಿ ಕುಣಿದಾಗಲೆಲ್ಲ ಬಂಪರಿನ ಸ್ವಂತ ತೂಕವೇ ಕೆಳಕ್ಕೆ ಜಗ್ಗುತ್ತದೆ, ಅದು ಸಾವಿರಾರು ಸಲ. ಬಿರುಕು ಬಿಡುವುದು ಹೆಚ್ಚಾಗಿ ಈ ಕೊನೆಯದರಿಂದಲೇ. ಇಷ್ಟೂ ಬಲ ಹೋಗಿ ಸೇರಬೇಕಾದದ್ದು ಚಾಸಿಸ್ಸಿನ ಎರಡು ತುದಿಗೆ.

ನಾನು ಈಗ ಮಾಡುವ ರೀತಿ ಹೀಗಿದೆ. ಒಂದೊಂದು ಕಡೆಗೆ 12 ಮಿ.ಮೀ. ದಪ್ಪದ ಒಂದೇ ತುಂಡು ಪ್ಲೇಟ್. ಅದು ಚಾಸಿಸ್ಸಿನ ಪಕ್ಕಕ್ಕೆ ಕನಿಷ್ಠ 200ರಿಂದ 250 ಮಿ.ಮೀ. ಉದ್ದ ಅಂಟಿಕೊಂಡು ಕೂರುತ್ತದೆ. ಅಲ್ಲಿಂದ ಮುಂದೆ ಬಂದು, ಬಂಪರಿನ ಮುಖದಲ್ಲಿ ಕೊರೆದ ಸೀಳಿನ ಮೂಲಕ ನಾಲಿಗೆಯ ಹಾಗೆ ಹೊರಗೆ ಬರುತ್ತದೆ. ಶ್ಯಾಕಲ್ (ಹಗ್ಗ ಸಿಕ್ಕಿಸುವ, ಪಿನ್ ಇರುವ ಕಬ್ಬಿಣದ ಕೊಂಡಿ) ಹಾಕುವ ತೂತು ಆ ನಾಲಿಗೆಯಲ್ಲೇ ಇರುತ್ತದೆ. ಇದರ ಲಾಭ ಗೊತ್ತಾಯಿತಲ್ವಾ? ಎಳೆಯುವಾಗ ಬಲ ಶ್ಯಾಕಲ್‌ನಿಂದ ಪ್ಲೇಟಿಗೆ, ಪ್ಲೇಟಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಚಾಸಿಸ್ಸಿಗೆ ಹೋಗುತ್ತದೆ. ನಡುವೆ ನೀವು ಹಾಕಿದ ಒಂದು ವೆಲ್ಡೂ ಬರುವುದಿಲ್ಲ. ಬಂಪರಿನ ಮುಖ ಸುಮ್ನೆ ಆ ಎರಡು ನಾಲಿಗೆಯ ಮೇಲೆ ಕೂತಿರುತ್ತದೆ, ಅಂಗಿ ಹ್ಯಾಂಗರಿನ ಮೇಲೆ ಕೂತ ಹಾಗೆ. 450 ಮಿ.ಮೀ. ಉದ್ದ, 120 ಅಗಲದ ಅಂಥ ತುಂಡು ಸುಮಾರು 5 ಕೆಜಿ ತೂಗುತ್ತದೆ. ಎರಡಕ್ಕೆ 10 ಕೆಜಿ. ಅದನ್ನು ಕಡಿಮೆ ಮಾಡಲು ಹೋಗಬೇಡಿ.

ತೆಳುವಾದ ಆಂಗಲ್ ಯಾಕೆ ತಿರುಚಿತು ಅಂದರೆ, ನಾನು ಕೊಟ್ಟಿದ್ದ ಎರಡು ಬೋಲ್ಟೂ ಹತ್ತಿರ ಹತ್ತಿರ ಇದ್ದವು. ಹತ್ತಿರದ ಎರಡು ಬೋಲ್ಟು ಬಾಗಿಲಿನ ಬಿಜಾಗರಿಯ ಹಾಗೆ ಕೆಲಸ ಮಾಡುತ್ತವೆ. ಒಂದೊಂದು ಕಡೆಗೆ ನಾಲ್ಕು ಬೋಲ್ಟ್ ಕೊಡಿ, ಅವು ಆದಷ್ಟು ದೂರ ದೂರ ಇರಲಿ. ಚಾಸಿಸ್ಸಿನಲ್ಲಿ ಮೊದಲೇ ಇರುವ ತೂತುಗಳನ್ನೇ ಬಳಸಿ. ಹೊಸ ತೂತು ಕೊರೆಯಲೇಬೇಕು ಎಂದಾದರೆ ಪಕ್ಕದ ಗೋಡೆಯ ನಡುಭಾಗದಲ್ಲಿ ಕೊರೆಯಿರಿ. ಮೇಲಿನ ಮತ್ತು ಕೆಳಗಿನ ಮಗ್ಗುಲನ್ನು ಮುಟ್ಟಬೇಡಿ. ಚಾಸಿಸ್ ಬಾಗುವಾಗ ಎಳೆತವೂ ಒತ್ತಡವೂ ಅಲ್ಲೇ ಜಾಸ್ತಿ ಇರುತ್ತದೆ, ನಡುವೆ ಕಡಿಮೆ. ಹಾಗೆಯೇ ಬ್ರಾಕೆಟ್ಟನ್ನು, ಅಂದರೆ ಆ 12 ಮಿ.ಮೀ. ಪ್ಲೇಟನ್ನು, ಚಾಸಿಸ್ಸಿಗೆ ವೆಲ್ಡ್ ಮಾಡಬೇಡಿ. ವೆಲ್ಡಿನ ಅಂಚಿನಲ್ಲಿ ಕಾದ ಕಬ್ಬಿಣವೇ ಮುಂದೆ ಬಿರುಕು ಶುರುವಾಗುವ ಜಾಗ.

ನಿಮ್ಮ ಚಾಸಿಸ್ ಪೆಟ್ಟಿಗೆಯ ಆಕಾರದ್ದಾದರೆ ಇನ್ನೊಂದು ಕೆಲಸ ಇದೆ. ಪೆಟ್ಟಿಗೆಯ ಎರಡು ಗೋಡೆ ದಾಟಿ ಬೋಲ್ಟ್ ಹಾಕಿ ಬಿಗಿ ಮಾಡಿದರೆ ಗೋಡೆಗಳು ಒಳಕ್ಕೆ ಸೊಟ್ಟಗಾಗುತ್ತವೆ. ಬಿಗಿ ಇದೆ ಅನಿಸುತ್ತದೆ, ಇರುವುದಿಲ್ಲ. ಒಳಗೆ ಬೋಲ್ಟಿನ ಸುತ್ತ ದಪ್ಪ ಪೈಪಿನ ತುಂಡು ಕೂರಿಸಿ, ಅದರ ಉದ್ದ ಒಳಗಿನ ಅಗಲಕ್ಕೆ ಸರಿಯಾಗಿರಲಿ. ಆಗ ಬೋಲ್ಟ್ ಎಷ್ಟು ಬಿಗಿದರೂ ಗೋಡೆ ಮುದುಡುವುದಿಲ್ಲ. ಈ ತುಂಡನ್ನು ತುದಿಯಿಂದ ಒಳಗೆ ತೂರಿಸಿ ತೂತಿಗೆ ಸರಿಹೊಂದಿಸುವುದು ತಾಳ್ಮೆ ಪರೀಕ್ಷೆ. ಒಂದು ಉದ್ದ ತಂತಿಗೆ ಕಟ್ಟಿ ತಳ್ಳಿದರೆ ಬೇಗ ಆಗುತ್ತದೆ.

ಬೋಲ್ಟಿನ ತಲೆಯ ಮೇಲೆ 8.8 ಅಂತ ಇರಬೇಕು. ಆ ಅಂಕಿಗೆ ಅರ್ಥ ಇದೆ. ಮೊದಲ 8 ಎಂದರೆ ಒಂದು ಚದರ ಮಿ.ಮೀ. ಕಬ್ಬಿಣ ತುಂಡಾಗಲು 800 ನ್ಯೂಟನ್ ಬಲ ಬೇಕು ಎಂದು. ಎರಡನೆಯ 8 ಎಂದರೆ ಅದರ 80 ಶೇಕಡ, ಅಂದರೆ 640ರ ಹತ್ತಿರ ಅದು ಶಾಶ್ವತವಾಗಿ ಉದ್ದವಾಗತೊಡಗುತ್ತದೆ ಎಂದು. ಎಂ12, ಅಂದರೆ 12 ಮಿ.ಮೀ. ದಪ್ಪದ ಬೋಲ್ಟಿನ ಎಳೆಗಳ ಜಾಗದಲ್ಲಿ ಲೆಕ್ಕಕ್ಕೆ ಬರುವ ಕಬ್ಬಿಣ ಸುಮಾರು 84 ಚದರ ಮಿ.ಮೀ. ನೇರ ಎಳೆದು ತುಂಡು ಮಾಡಲು ಸುಮಾರು 67 ಕಿಲೋನ್ಯೂಟನ್ ಬೇಕು, ಅಂದರೆ 6.8 ಟನ್ನಿನಷ್ಟು. ಅಡ್ಡ ಕತ್ತರಿಸಲು ಅದರ 60 ಶೇಕಡ ಸಾಕು, ಸುಮಾರು 4 ಟನ್. ನಾಲ್ಕು ಬೋಲ್ಟಿಗೆ 16 ಟನ್ ಆಯಿತು, ಕಾಗದದ ಮೇಲೆ. ನಿಜದಲ್ಲಿ ಬೋಲ್ಟುಗಳು ತುಂಡಾಗುವುದಕ್ಕಿಂತ ಮೊದಲು ಸಡಿಲವಾಗುತ್ತವೆ. ಸಡಿಲವಾದ ಮೇಲೆ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಅದಕ್ಕೇ ಎಂ12ಗೆ 13 ಮಿ.ಮೀ. ತೂತು, ಅದಕ್ಕಿಂತ ದೊಡ್ಡದು ಬೇಡ. ಗ್ಯಾಸ್ ಕಟರಿನಿಂದ ತೂತು ಮಾಡಬೇಡಿ, ಡ್ರಿಲ್ಲಿನಿಂದಲೇ ಮಾಡಿ, ನಿಧಾನ ವೇಗ, ಎಣ್ಣೆ ಹಾಕುತ್ತಾ. ಬಿಗಿಯುವಾಗ ಸುಮಾರು 80 ನ್ಯೂಟನ್ ಮೀಟರ್, ಟಾರ್ಕ್ ಸ್ಪ್ಯಾನರ್ ಇದ್ದರೆ ಒಳ್ಳೆಯದು. ಇನ್ನೊಂದು: ತುಕ್ಕು ಹಿಡಿಯಲ್ಲ ಅಂತ ಸ್ಟೇನ್‌ಲೆಸ್ ಬೋಲ್ಟ್ ಹಾಕುವವರಿದ್ದಾರೆ. ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ 450ರ ಹತ್ತಿರವೇ ಉದ್ದವಾಗತೊಡಗುತ್ತದೆ. ಹೊಳೆಯುತ್ತದೆ, ನಿಜ. ನಂಬರ್ ಪ್ಲೇಟಿಗೆ ಹಾಕಿ.

ಇನ್ನು ನಿಮ್ಮ 6 ಮತ್ತು 8ರ ಪ್ರಶ್ನೆ. ಒಂದು ಚದರ ಮೀಟರ್ ಪ್ಲೇಟ್, 1 ಮಿ.ಮೀ. ದಪ್ಪಕ್ಕೆ 7.85 ಕೆಜಿ ತೂಗುತ್ತದೆ. ಇದೊಂದು ಅಂಕಿ ನೆನಪಿಟ್ಟುಕೊಂಡರೆ ಸಾಕು. ನಿಮ್ಮ ಬಂಪರಿಗೆ ಎಲ್ಲ ತುಂಡು ಸೇರಿ 1.2 ಚದರ ಮೀಟರ್ ಹೋಯಿತು ಅಂತಿಟ್ಟುಕೊಳ್ಳಿ. 8 ಮಿ.ಮೀ. ಆದರೆ 75 ಕೆಜಿ. 6 ಆದರೆ 56. 4 ಆದರೆ 38ಕ್ಕಿಂತ ಕಡಿಮೆ. ಇದರ ಮೇಲೆ ಬ್ರಾಕೆಟ್ಟು, ಬೋಲ್ಟು.

ಈ ತೂಕ ಎಲ್ಲಿ ಕೂರುತ್ತದೆ ಎಂಬುದು ಎಷ್ಟು ತೂಕ ಎಂಬಷ್ಟೇ ಮುಖ್ಯ. ಬಂಪರ್ ಇರುವುದು ಮುಂದಿನ ಆಕ್ಸಲ್‌ಗಿಂತ ಮುಂದೆ. ಏತದ ಹಾಗೆ ಅದು ಹಿಂಭಾಗವನ್ನು ಮೇಲೆತ್ತುತ್ತದೆ. ಎರಡು ಆಕ್ಸಲ್ ನಡುವೆ 2.4 ಮೀಟರ್ ಇರುವ ಗಾಡಿಗೆ, ಮುಂದಿನ ಆಕ್ಸಲ್‌ನಿಂದ 0.8 ಮೀಟರ್ ಮುಂದೆ 60 ಕೆಜಿ ನೇತುಹಾಕಿದರೆ ಮುಂದಿನ ಸ್ಪ್ರಿಂಗುಗಳ ಮೇಲೆ ಬೀಳುವುದು 60 ಅಲ್ಲ, 80 ಕೆಜಿ. ಹಿಂದಿನ ಆಕ್ಸಲ್ 20 ಕೆಜಿ ಹಗುರಾಗುತ್ತದೆ. ಅದಕ್ಕೆ 40 ಕೆಜಿಯ ವಿಂಚ್ ಸೇರಿಸಿ, ಮುಂದೆ 133 ಆಯಿತು, ಹಿಂದೆ 33 ಹೋಯಿತು. ಮೂತಿ ತಗ್ಗುತ್ತದೆ, ಬ್ರೇಕ್ ಹಾಕಿದಾಗ ಇನ್ನೂ ತಗ್ಗುತ್ತದೆ, ಹಳೆಯ ಸ್ಪ್ರಿಂಗ್ ಆದರೆ ಗುಂಡಿಯಲ್ಲಿ ತಳ ಬಡಿಯುತ್ತದೆ. ಬಂಪರ್ ಗಟ್ಟಿ ಮಾಡಲು ಹೋಗಿ ಸ್ಪ್ರಿಂಗ್ ಬದಲಿಸುವ ಖರ್ಚಿಗೆ ಬೀಳುವವರು ಬಹಳ ಜನ.

ಹಾಗಾಗಿ ಮುಖಕ್ಕೆ 4 ಮಿ.ಮೀ. ಹಾಕಿ. ಪಕ್ಕದ ರೆಕ್ಕೆಗಳಿಗೆ, ಕೆಳಗಿನ ಮುಚ್ಚಳಕ್ಕೆ 3 ಸಾಕು. ವಿಂಚ್ ಕೂರುವ ತಟ್ಟೆಗೆ 6. ಹಿಡಿಯುವ ಬ್ರಾಕೆಟ್ಟಿಗೆ ನಾನು ಹೇಳಿದ 12. 4 ಮಿ.ಮೀ. ಬಾಗುವುದಿಲ್ಲವೇ ಅಂದರೆ, ಸಪಾಟಾಗಿ ಬಿಟ್ಟರೆ ಬಾಗುತ್ತದೆ. ಒಂದು ಕಾಗದದ ಹಾಳೆಯ ಅಂಚು ಹಿಡಿದು ಚಾಚಿ ನೋಡಿ, ಜೋತುಬೀಳುತ್ತದೆ. ಅದರ ಎರಡು ಅಂಚನ್ನು ಬೆರಳಿನ ಅಗಲದಷ್ಟು ಮಡಿಸಿ ಮತ್ತೆ ಹಿಡಿಯಿರಿ. ಬಂಪರಿನ ಮೇಲಂಚು, ಕೆಳಅಂಚನ್ನು 40 ಮಿ.ಮೀ. ಹಿಂದಕ್ಕೆ ಮಡಿಸಿದರೆ ಅದೇ ಆಗುತ್ತದೆ. ಮಡಿಸುವ ಪ್ರೆಸ್ ನಿಮ್ಮಲ್ಲಿಲ್ಲ. ಪರವಾಗಿಲ್ಲ. ಒಳಮಗ್ಗುಲಲ್ಲಿ ಗೆರೆ ಎಳೆದು ಗ್ರೈಂಡರಿನಿಂದ ದಪ್ಪದ ಅರ್ಧದಷ್ಟು ಸೀಳಿ, ಕ್ಲಾಂಪ್ ಹಾಕಿ ಬಾಗಿಸಿ, ಆ ಸೀಳನ್ನು ಒಳಗಿನಿಂದ ವೆಲ್ಡ್ ತುಂಬಿ. ಹೊರಗೆ ನೋಡಿದರೆ ಪ್ರೆಸ್ಸಿನಲ್ಲಿ ಮಡಿಸಿದ ಹಾಗೇ ಕಾಣುತ್ತದೆ.

ಪ್ಲೇಟೋ ಪೈಪೋ? ನಿಮ್ಮ ಸಾಮಾನು ನೋಡಿದರೆ ಪ್ಲೇಟ್. ಪೈಪ್ ಹಗುರ, 48.3 ಮಿ.ಮೀ. ಹೊರ ಅಳತೆ, 3.2 ದಪ್ಪದ್ದು ಮೀಟರಿಗೆ ಮೂರೂವರೆ ಕೆಜಿ ಅಷ್ಟೇ. ಆದರೆ ಅದನ್ನು ಚಂದಕ್ಕೆ ಬಾಗಿಸಲು ಅದರದೇ ಬೆಂಡರ್ ಬೇಕು. ಪ್ಲಂಬಿಂಗ್ ಪೈಪಿಗೆ ಬಳಸುವ ಹೈಡ್ರಾಲಿಕ್ ಬೆಂಡರಿನಲ್ಲಿ ಬಾಗಿಸಿದರೆ ಬಾಗಿದ ಕಡೆ ಚಪ್ಪಟೆಯಾಗಿ ಸುಕ್ಕು ಬೀಳುತ್ತದೆ, ಶಕ್ತಿ ಅಲ್ಲೇ ಹೋಗುತ್ತದೆ. ಜೊತೆಗೆ ಪೈಪಿಗೆ ಪೈಪ್ ಸೇರುವ ಕಡೆ ತುದಿಯನ್ನು ಮೀನಿನ ಬಾಯಿಯ ಹಾಗೆ ಕತ್ತರಿಸಬೇಕು. ಸಂದು ಜಾಸ್ತಿ ಬಿಟ್ಟರೆ ಸಣ್ಣ ಮಷೀನಿನಲ್ಲಿ ತುಂಬುವುದು ಕಷ್ಟ. ರೇಡಿಯೇಟರ್ ಮುಂದೆ ಒಂದು ಎತ್ತರದ ಪೈಪ್ ಕಮಾನು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ನನಗಂತೂ ಅದು ಬೇಡ. ತೂಕ ಮೇಲೆ ಹೋಗುತ್ತದೆ, ಪಾದಚಾರಿಯ ಎದೆಯ ಎತ್ತರಕ್ಕೆ ಬರುತ್ತದೆ, ಕಲ್ಲು ದಾರಿಯಲ್ಲಿ ಅದರಿಂದ ಆಗುವ ಉಪಕಾರ ಅಷ್ಟಕ್ಕಷ್ಟೇ.

ಕಬ್ಬಿಣ ತರುವ ಮೊದಲು ರಟ್ಟು ತನ್ನಿ. ಫ್ರಿಜ್ಜು, ವಾಷಿಂಗ್ ಮಷೀನು ಬರುವ ದೊಡ್ಡ ಪೆಟ್ಟಿಗೆಯ ರಟ್ಟು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಇಡೀ ಬಂಪರನ್ನು ರಟ್ಟು ಮತ್ತು ಟೇಪಿನಲ್ಲಿ ಮಾಡಿ ಗಾಡಿಗೆ ಅಂಟಿಸಿ. ಎರಡು ದಿನ ಹಾಗೇ ಬಿಟ್ಟು ದೂರದಿಂದ ನೋಡಿ. ಮೊದಲ ದಿನ ಸರಿ ಅನಿಸಿದ್ದು ಎರಡನೆಯ ದಿನ ಗಡ್ಡದ ಹಾಗೆ ಕಾಣುತ್ತದೆ. ಸ್ಟಿಯರಿಂಗ್ ಎರಡೂ ಕಡೆಗೆ ಪೂರ್ತಿ ತಿರುಗಿಸಿ ಟೈರ್ ರೆಕ್ಕೆಗೆ ತಾಗುತ್ತದಾ ನೋಡಿ. ನಿಂತಲ್ಲೇ ತಾಗದಿದ್ದರೆ ಸಾಲದು. ಒಂದು ಕಡೆಯ ಚಕ್ರ ಕಲ್ಲಿನ ಮೇಲೆ ಹತ್ತಿಸಿ, ಸ್ಪ್ರಿಂಗ್ ಒತ್ತಿದಾಗಲೂ ನೋಡಬೇಕು.

ಆಕಾರದಲ್ಲಿ ಸೋಲು ಗೆಲುವು ಇರುವುದು ಕೆಳಅಂಚಿನಲ್ಲಿ. ಟೈರಿನ ವ್ಯಾಸ 760 ಮಿ.ಮೀ., ಬಂಪರಿನ ಕೆಳಅಂಚು ಆಕ್ಸಲ್ ನಡುವಿನಿಂದ 600 ಮಿ.ಮೀ. ಮುಂದೆ, ನೆಲದಿಂದ 480 ಎತ್ತರದಲ್ಲಿದೆ ಎನ್ನೋಣ. ಆ ಗಾಡಿ ಮೂತಿ ತಾಗಿಸದೆ ಸುಮಾರು 48 ಡಿಗ್ರಿಯ ಏರಿಗೆ ಎದುರಾಗಬಲ್ಲದು. ಅಂಚನ್ನು 100 ಮಿ.ಮೀ. ಕೆಳಗೆ ತಂದರೆ 39 ಡಿಗ್ರಿಗೆ ಇಳಿಯುತ್ತದೆ. ಲೆಕ್ಕ ಬೇಡ ಅಂದರೆ ಒಂದು ನೇರ ಹಲಗೆಯನ್ನು ಟೈರಿಗೂ ರಟ್ಟಿನ ಅಂಚಿಗೂ ತಾಗಿಸಿ ಹಿಡಿದು ನೋಡಿ, ಕಣ್ಣಿಗೇ ಗೊತ್ತಾಗುತ್ತದೆ. ಟೈರುಗಳ ಎದುರಿನ ಭಾಗವನ್ನು ಮೇಲಕ್ಕೆ ಕತ್ತರಿಸಿ. ಕಲ್ಲಿಗೆ ಮೊದಲು ಟೈರ್ ತಾಗಬೇಕು, ಬಂಪರ್ ಅಲ್ಲ. ಆದರೆ ಬಾಡಿಗಿಂತ ಹೊರಗೆ ಚಾಚಿದ ಟೈರನ್ನು ಬಯಲು ಮಾಡಿಬಿಡುವಷ್ಟೂ ಕತ್ತರಿಸಬೇಡಿ. ಮೂಲೆಗಳು ದುಂಡಗಿರಲಿ, ಚೂಪು ತುದಿ ಒಂದೂ ಬೇಡ.

ಬಾಡಿಗೂ ಬಂಪರಿಗೂ ನಡುವೆ 15ರಿಂದ 20 ಮಿ.ಮೀ. ಜಾಗ ಬಿಡಿ. ಬಂಪರ್ ಚಾಸಿಸ್ಸಿಗೆ ಹಿಡಿದಿರುತ್ತದೆ, ಬಾಡಿ ರಬ್ಬರಿನ ಮೇಲೆ ಕೂತಿರುತ್ತದೆ. ಗಾಡಿ ತಿರುಚಿದಾಗ ಎರಡೂ ಬೇರೆ ಬೇರೆ ಅಲ್ಲಾಡುತ್ತವೆ. ಚಂದಕ್ಕೆಂದು ಒತ್ತಿ ಕೂರಿಸಿದರೆ ಮೊದಲ ಹಳ್ಳದಲ್ಲೇ ಫೆಂಡರ್ ಸೊಟ್ಟಗಾಗುತ್ತದೆ. ರೇಡಿಯೇಟರಿಗೆ ಗಾಳಿ ಹೋಗುವ ದಾರಿ, ಹೆಡ್‌ಲೈಟ್, ಇಂಡಿಕೇಟರ್, ನಂಬರ್ ಪ್ಲೇಟ್ ಯಾವುದೂ ಮುಚ್ಚಬಾರದು. ಇದನ್ನು ರಟ್ಟಿನಲ್ಲೇ ನೋಡಿಕೊಳ್ಳಿ.

ಈಗ ವೆಲ್ಡಿಂಗ್. 140 ಆಂಪಿಯರ್ ಮಷೀನಿನಲ್ಲಿ 3.15 ಮಿ.ಮೀ. ರಾಡನ್ನು 100ರಿಂದ 120ರಲ್ಲಿ ಓಡಿಸಬಹುದು. 4 ಮಿ.ಮೀ. ಪ್ಲೇಟಿಗೆ ಅದು ಆರಾಮ. 6ಕ್ಕೂ ಆಗುತ್ತದೆ, ಆದರೆ ಅಂಚನ್ನು 30 ಡಿಗ್ರಿಯಷ್ಟು ಓರೆಯಾಗಿ ಉಜ್ಜಿ, ನಡುವೆ 2 ಮಿ.ಮೀ. ಸಂದು ಬಿಟ್ಟು, ಎರಡು ಮೂರು ಪದರದಲ್ಲಿ ತುಂಬಬೇಕು. ಪದರದ ನಡುವೆ ಸ್ಲ್ಯಾಗ್ (ವೆಲ್ಡಿನ ಮೇಲೆ ಕೂರುವ ಕಿಟ್ಟ) ಪೂರ್ತಿ ಕೆತ್ತಿ ತೆಗೆಯಿರಿ. ಹೊಸ ಪ್ಲೇಟಿನ ಮೇಲಿರುವ ನೀಲಿ ಕಪ್ಪು ಪೊರೆಯನ್ನೂ ವೆಲ್ಡ್ ಬರುವ ಜಾಗದಲ್ಲಿ ಹೊಳೆಯುವ ತನಕ ಉಜ್ಜಿ. ಮಷೀನಿನ ಮೇಲೆ 60 ಶೇಕಡ ಅಂತ ಬರೆದಿದ್ದರೆ, ಆ ಆಂಪಿಯರಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ಎಂದರ್ಥ. ಅದು ಬಿಸಿಯಾಗಿ ನಿಂತರೆ ಬೈಯಬೇಡಿ, ಸ್ಲ್ಯಾಗ್ ಕೆತ್ತುತ್ತಾ ಕೂರಿ.

ನಂಬಬಹುದಾ ಅಂತ ಕೇಳಿದಿರಿ. ಅದಕ್ಕೆ ಉತ್ತರ ನಾನು ಕೊಡಲಾರೆ, ನಿಮ್ಮ ವೈಸ್ ಕೊಡುತ್ತದೆ. ಬಂಪರಿಗೆ ತಂದ ಅದೇ ಪ್ಲೇಟಿನ ಎರಡು ತುಂಡು ತೆಗೆದುಕೊಳ್ಳಿ, ಅಂಗೈ ಅಗಲದಷ್ಟು. ತಲೆಕೆಳಗಾದ ಟಿ ಅಕ್ಷರದ ಹಾಗೆ ಒಂದರ ಮೇಲೊಂದು ನೇರ ನಿಲ್ಲಿಸಿ ಒಂದೇ ಮಗ್ಗುಲಿಗೆ ವೆಲ್ಡ್ ಮಾಡಿ. ತಣ್ಣಗಾದ ಮೇಲೆ ವೈಸಿಗೆ ಕಚ್ಚಿಸಿ, ನಿಂತ ತುಂಡನ್ನು ವೆಲ್ಡಿನ ಕಡೆಗೆ ಸುತ್ತಿಗೆಯಿಂದ ಹೊಡೆದು ಮಡಿಸಿ. ಪ್ಲೇಟ್ ಬಾಗಿ ವೆಲ್ಡ್ ಉಳಿದರೆ ಸರಿ. ವೆಲ್ಡ್ ಕಿತ್ತು ಬಂದರೆ ಬೇರಿನ ಜಾಗ, ಅಂದರೆ ಎರಡು ತುಂಡು ಸೇರುವ ಮೂಲೆ ನೋಡಿ. ಅಲ್ಲಿ ಪ್ಲೇಟಿನ ಹಳೆಯ ನುಣುಪು ಮೇಲ್ಮೈ ಹಾಗೇ ಕಂಡರೆ ಕಬ್ಬಿಣ ಕರಗಿಲ್ಲ, ಮೇಲೆ ಅಂಟು ಹಚ್ಚಿದ ಹಾಗೆ ಕೂತಿದೆ ಅಷ್ಟೇ. ಆಂಪಿಯರ್ ಏರಿಸಿ, ರಾಡನ್ನು ಹತ್ತಿರ ಹಿಡಿದು, ನಿಧಾನ ಹೋಗಿ ಮತ್ತೆ ಮಾಡಿ. ನಾನು ಈಗಲೂ ಹೊಸ ರಾಡ್ ಪೆಟ್ಟಿಗೆ ಒಡೆದಾಗಲೆಲ್ಲ ಒಂದು ತುಂಡನ್ನು ಹೀಗೆ ಕೊಲ್ಲುತ್ತೇನೆ. ಮೇಲೆ ಚಂದದ ಅಲೆ ಅಲೆ ಕಂಡ ಮಾತ್ರಕ್ಕೆ ಒಳಗೆ ಹಿಡಿದಿದೆ ಅಂತಲ್ಲ.

ನಿಮ್ಮ ಮಷೀನಿಗೆ ಮೀರಿದ್ದು ಒಂದೇ, ಆ 12 ಮಿ.ಮೀ. ನಾಲಿಗೆಗೆ ವಿಂಚ್ ತಟ್ಟೆ ಸೇರುವ ಜಾಗ. ದಪ್ಪ ಪ್ಲೇಟ್ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ, ತೆಳು ಮಗ್ಗುಲು ಕರಗುತ್ತದೆ, ದಪ್ಪ ಮಗ್ಗುಲು ತಣ್ಣಗೇ ಉಳಿಯುತ್ತದೆ. ಎಲ್ಲ ಟ್ಯಾಕ್ ಮಾಡಿಟ್ಟು (ಅಲ್ಲಲ್ಲಿ ಚುಕ್ಕಿ ವೆಲ್ಡ್ ಹಾಕಿ ನಿಲ್ಲಿಸಿ), ಆ ನಾಲ್ಕಾರು ವೆಲ್ಡನ್ನು ದೊಡ್ಡ ಮಷೀನು ಇರುವ ಅನುಭವಿಯ ಹತ್ತಿರ ಹಾಕಿಸಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ವೆಲ್ಡ್ ತಣ್ಣಗಾಗುತ್ತಾ ಕುಗ್ಗುತ್ತದೆ, ಕುಗ್ಗುವಾಗ ಪ್ಲೇಟನ್ನೂ ಎಳೆಯುತ್ತದೆ. ಒಂದೂವರೆ ಮೀಟರ್ ಉದ್ದದ ಸಂದನ್ನು ಒಂದೇ ಉಸಿರಿಗೆ ಹಾಕಿದರೆ ಬಂಪರ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. 40-50 ಮಿ.ಮೀ. ಉದ್ದದ ಹೊಲಿಗೆ ಹಾಕಿ, ಒಮ್ಮೆ ಎಡತುದಿ, ಒಮ್ಮೆ ಬಲತುದಿ, ಒಮ್ಮೆ ನಡುವೆ. ನಾನು ಮಾಡುವ ಕ್ರಮ ಹೀಗೆ: ಮೊದಲು ಎರಡು ಬ್ರಾಕೆಟ್ಟನ್ನು ಗಾಡಿಗೆ ಬೋಲ್ಟ್ ಹಾಕಿ ಬಿಗಿಯುತ್ತೇನೆ. ಮುಖವನ್ನು ಗಾಡಿಯ ಮೇಲೆಯೇ ಬ್ರಾಕೆಟ್ಟಿಗೆ ಟ್ಯಾಕ್ ಮಾಡುತ್ತೇನೆ. ಬಿಚ್ಚುವ ಮೊದಲು ಎರಡು ಬ್ರಾಕೆಟ್ಟಿನ ಹಿಂತುದಿಗೆ ಅಡ್ಡಲಾಗಿ ಒಂದು ಬೇಡದ ಪೈಪನ್ನು ಟ್ಯಾಕ್ ಮಾಡುತ್ತೇನೆ. ಕೆಳಗಿಳಿಸಿ ಪೂರ್ತಿ ವೆಲ್ಡ್ ಮಾಡಿ, ತಣ್ಣಗಾದ ಮೇಲೆ ಆ ಪೈಪ್ ಕತ್ತರಿಸಿ ತೆಗೆಯುತ್ತೇನೆ. ಅದಿಲ್ಲದಿದ್ದರೆ ಬ್ರಾಕೆಟ್ಟುಗಳು 5-6 ಮಿ.ಮೀ. ಹತ್ತಿರ ಬಂದುಬಿಡುತ್ತವೆ, ತೂತುಗಳು ಚಾಸಿಸ್ಸಿಗೆ ಕೂರುವುದಿಲ್ಲ, ಆಮೇಲೆ ಸುತ್ತಿಗೆ, ಬೈಗುಳ ಎರಡೂ ಬೇಕಾಗುತ್ತದೆ.

ಗಾಡಿಯ ಮೇಲೆ ಟ್ಯಾಕ್ ಮಾಡುವಾಗ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಅರ್ತ್ ಕ್ಲಾಂಪ್ ವೆಲ್ಡ್ ಮಾಡುವ ತುಂಡಿಗೇ ಹಾಕಿ, ದೂರದ ಎಲ್ಲೋ ಒಂದು ಕಡೆ ಹಾಕಿದರೆ ಕರೆಂಟು ಬೇರಿಂಗು, ವೈರಿನ ಮೂಲಕ ದಾರಿ ಹುಡುಕುತ್ತದೆ. ಬ್ರೇಕ್ ಕ್ಲೀನರ್ ಹಾಕಿ ಒರೆಸಿದ ಕಬ್ಬಿಣವನ್ನು ವೆಲ್ಡ್ ಮಾಡಲೇಬೇಡಿ. ಕ್ಲೋರಿನ್ ಇರುವ ಕ್ಲೀನರ್ ಆದರೆ ಕಿಡಿಯ ಬಿಸಿಗೆ ಅದು ಫಾಸ್ಜೀನ್ ಎಂಬ ವಿಷಗಾಳಿಯಾಗುತ್ತದೆ, ಒಂದು ಹನಿ ಉಳಿದಿದ್ದರೂ ಜೀವಕ್ಕೆ ಅಪಾಯ. ಜಿಂಕ್ ಲೇಪನದ ಪೈಪ್ ಆದರೆ ಲೇಪನ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಮಾಡಿ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿ ಜ್ವರ ಗ್ಯಾರಂಟಿ.

ವಿಂಚ್ ಮುಂದೆ ಯಾವಾಗಲೋ ಹಾಕುತ್ತೀರಿ ಎಂದರೂ ಯಾವುದು ಎಂದು ಈಗಲೇ ತೀರ್ಮಾನ ಮಾಡಿ. ಸಾಮಾನು ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಬೇಕು ಎನ್ನುವುದು ರೂಢಿಯ ಲೆಕ್ಕ. 2,000 ಕೆಜಿಗೆ 3,000. ಡಬ್ಬದ ಮೇಲೆ ಬರೆದಿರುವ ಶಕ್ತಿ ಡ್ರಮ್ಮಿನ ಮೇಲೆ ಒಂದೇ ಸುತ್ತು ಪದರ ಇರುವಾಗಿನದು. ಹಗ್ಗ ಸುತ್ತಿಕೊಂಡು ಪದರ ಏರಿದಂತೆ ಎಳೆಯುವ ಶಕ್ತಿ ಇಳಿಯುತ್ತದೆ. ಈ ದರ್ಜೆಯ ಬಹುತೇಕ ವಿಂಚುಗಳ ಕಾಲಿನ ಬೋಲ್ಟುಗಳು 254 ಮಿ.ಮೀ. ಅಗಲ, 114.3 ಮಿ.ಮೀ. ಆಳದ ಆಯತದಲ್ಲಿರುತ್ತವೆ. ಹಗ್ಗ ಹೊರಬರುವ ಫೇರ್‌ಲೀಡಿನ ಎರಡು ತೂತಿನ ಅಂತರವೂ 254. ತಟ್ಟೆಯಲ್ಲಿ ಈಗಲೇ ಇವನ್ನು ಕೊರೆದಿಡಿ. ತಟ್ಟೆ ಎರಡೂ ನಾಲಿಗೆಗೆ ಸೇರಿರಬೇಕು, ಮುಖಕ್ಕೆ ಮಾತ್ರ ಅಲ್ಲ. ಹಾಗೆ ಸೇರಿಸಿದರೆ ಓರೆ ಎಳೆತಕ್ಕೆ ಎರಡು ಬ್ರಾಕೆಟ್ಟೂ ಒಟ್ಟಾಗಿ ನಿಲ್ಲುತ್ತವೆ. ವಿಂಚಿನ ಕ್ಲಚ್ ಹಿಡಿಕೆಗೆ ಕೈ ಹೋಗಬೇಕು. ನಟ್ಟುಗಳಿಗೆ ಸ್ಪ್ಯಾನರ್ ಹೋಗಬೇಕು. ಕೊನೆಯದನ್ನು ಬರೆಯಲು ಕಾರಣ ಇದೆ. ನನ್ನ ಎರಡನೆಯ ಬಂಪರಿನಲ್ಲಿ ಎಲ್ಲ ಮುಚ್ಚಿ, ಬಣ್ಣ ಬಳಿದ ಮೇಲೆ ಒಂದು ನಟ್ಟಿಗೆ ಬೆರಳೂ ಹೋಗುತ್ತಿರಲಿಲ್ಲ. ಹೊಸ ಬಣ್ಣದ ಮೇಲೆಯೇ ಕಿಟಕಿ ಕೊರೆದೆ.

ನಾಲಿಗೆಯ ತೂತು ಮುಕ್ಕಾಲು ಇಂಚಿನ ಶ್ಯಾಕಲ್‌ಗೆ ಸರಿಯಾಗಿರಲಿ. 4.75 ಟನ್ ಎಂದು ಮುದ್ರೆ ಇರುವ ಆ ಶ್ಯಾಕಲ್‌ನ ಪಿನ್ 22 ಮಿ.ಮೀ. ಇರುತ್ತದೆ, ತೂತು 25 ಕೊರೆಯಿರಿ. ತೂತಿನಿಂದ ಹೊರ ಅಂಚಿಗೆ ಕನಿಷ್ಠ ಇನ್ನೊಂದು 25 ಮಿ.ಮೀ. ಕಬ್ಬಿಣ ಉಳಿಯಬೇಕು. ತೂತಿನ ಅಂಚುಗಳನ್ನು ಉಜ್ಜಿ ನುಣುಪು ಮಾಡಿ. ನಾಲಿಗೆ ಬೇಕಾದಷ್ಟೇ ಹೊರಬರಲಿ, ಕೊಂಬಿನ ಹಾಗೆ ಚಾಚಬಾರದು.

ಬಣ್ಣದ ವಿಷಯ ಚಿಕ್ಕದು. ಮುಚ್ಚಿದ ಮೂಲೆಗಳಲ್ಲೆಲ್ಲ 10 ಮಿ.ಮೀ. ನೀರಿನ ತೂತು ಕೊಡಿ, ಬಂಪರ್ ಒಳಗಿನಿಂದಲೇ ತುಕ್ಕು ಹಿಡಿಯುವುದು. ಪೌಡರ್ ಕೋಟಿಂಗ್ ಚಂದ, ಗಟ್ಟಿ. ಆದರೆ ಕಲ್ಲು ತಾಗಿ ಒಂದು ಚೂರು ಎದ್ದರೆ ಅದರಡಿಯಲ್ಲಿ ತುಕ್ಕು ಹರಿಯುತ್ತಾ ಹೋಗುತ್ತದೆ, ಮೇಲೆ ಗೊತ್ತೇ ಆಗುವುದಿಲ್ಲ. ಕಲ್ಲಿಗೆ ತಾಗಲೆಂದೇ ಮಾಡುವ ವಸ್ತುವಿಗೆ ನಾನು ಜಿಂಕ್ ಪ್ರೈಮರ್, ಮೇಲೆ ಸಾಧಾರಣ ಮ್ಯಾಟ್ ಕಪ್ಪು ಬಳಿಯುತ್ತೇನೆ. ಗೀರು ಬಿದ್ದಾಗ ಕುಂಚದಲ್ಲಿ ಮುಚ್ಚಬಹುದು.

ಕೂರಿಸಿದ ಮೇಲೆ ಪ್ರತಿ ನಟ್ಟಿನಿಂದ ಬ್ರಾಕೆಟ್ಟಿನ ಮೇಲೆ ಹಾಯುವ ಹಾಗೆ ಬಣ್ಣದ ಒಂದು ಗೆರೆ ಎಳೆಯಿರಿ, ನಟ್ಟು ತಿರುಗಿದರೆ ಗೆರೆ ತಪ್ಪಿ ಕಾಣುತ್ತದೆ. ಬಾಡಿಗೂ ಬಂಪರಿಗೂ ಇರುವ ಸಂದನ್ನು ನಾಲ್ಕು ಕಡೆ ಅಳೆದು ಬರೆದಿಡಿ. 100 ಕಿ.ಮೀ. ಓಡಿಸಿ ಮತ್ತೆ ಬಿಗಿ ನೋಡಿ. ಆಮೇಲೆ ಒಂದು ಸಮತಟ್ಟು ಜಾಗದಲ್ಲಿ, ಯಾರೂ ಹತ್ತಿರ ಇಲ್ಲದಿರುವಾಗ, ಹಗ್ಗದ ಮೇಲೆ ದಪ್ಪ ಹೊದಿಕೆ ಹಾಕಿ, ಇನ್ನೊಂದು ಗಾಡಿಯನ್ನು ನಿಧಾನಕ್ಕೆ ಎಳೆದು ನೋಡಿ. ಜರ್ಕ್ ಕೊಡಬೇಡಿ. ಸಂದುಗಳನ್ನು ಮತ್ತೆ ಅಳೆಯಿರಿ. 2-3 ಮಿ.ಮೀ. ಬದಲಾಗಿದ್ದರೂ ಬೋಲ್ಟ್ ಜಾರಿದೆ ಅಥವಾ ಬ್ರಾಕೆಟ್ ಬಾಗಿದೆ. ಬಿಚ್ಚಿ ನೋಡದೆ ಕೆಸರಿಗೆ ಇಳಿಯಬೇಡಿ.

ಹಳೆಯ ಒಡೆದ ಬಂಪರನ್ನು ಗುಜರಿಗೆ ಹಾಕುವ ಅವಸರ ಬೇಡ. ನಂಬರ್ ಪ್ಲೇಟಿನ ಎತ್ತರ, ಇಂಡಿಕೇಟರಿನ ಕ್ಲಿಪ್ಪು, ಬೋಲ್ಟುಗಳ ಅಂತರ ಎಲ್ಲ ಅದರಲ್ಲೇ ಇದೆ. ರಟ್ಟು ಕತ್ತರಿಸುವಾಗ ಪಕ್ಕದಲ್ಲಿಟ್ಟುಕೊಳ್ಳಿ.